ಬಿಸಾಡುವ ಮುಂಚೆ ತೂಗಿ ನೋಡಿ: ಆಸ್ಪತ್ರೆಗಳ ಕಾರ್ಬನ್ ಲೆಕ್ಕ

ಹೋದ ವರ್ಷ ನಮ್ಮಮ್ಮನಿಗೆ ಎರಡು ದಿನದಲ್ಲಿ ಮೂರು ಸಲ ರಕ್ತ ತೆಗೆದರು. ಮೊದಲ ಸಲ ಮನೆ ಹತ್ತಿರದ ಲ್ಯಾಬಿನಲ್ಲಿ. ಎರಡನೇ ಸಲ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಅಲ್ಲಿ ಹೊರಗಿನ ರಿಪೋರ್ಟ್ ನಡೆಯುವುದಿಲ್ಲವಂತೆ. ಮೂರನೆಯದೂ ಅಲ್ಲೇ. ಎಮರ್ಜೆನ್ಸಿಯಲ್ಲಿ ತುಂಬಿದ ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸುವುದನ್ನು ಯಾರೋ ಮರೆತಿದ್ದರು. "ಹೀಗೆ ತೆಗೀತಾ ಇದ್ರೆ ಹಿಮೋಗ್ಲೋಬಿನ್ ಕಮ್ಮಿ ಆಗದೆ ಇನ್ನೇನಾಗುತ್ತೆ ಸಿಸ್ಟರ್?" ಅಂತ ಅಮ್ಮ ಕೇಳಿದರು. ಸಿಸ್ಟರ್ ನಕ್ಕು, ಇನ್ನೊಂದು ಕೈ ಚಾಚಿ ಅಂದರು.

ನಾನು ಮಂಚದ ಪಕ್ಕ ಕೂತು ಟ್ರೇ ನೋಡುತ್ತಿದ್ದೆ. ಪ್ರತಿ ಸಲವೂ ಒಂದು ಜೊತೆ ಗ್ಲೌಸ್, ಒಂದು ಸೂಜಿ, ಎರಡು ಮೂರು ಟ್ಯೂಬ್, ಸ್ಪಿರಿಟ್ ಹತ್ತಿ, ಇವೆಲ್ಲ ಬಂದಿದ್ದ ಪ್ಲಾಸ್ಟಿಕ್ ಹೊದಿಕೆಗಳು. ಕೆಲಸ ಮುಗಿಯಲು ಮೂರು ನಿಮಿಷವೂ ಬೇಡ. ಆಮೇಲೆ ಕೆಲವು ಕೆಂಪು ಚೀಲಕ್ಕೆ, ಕೆಲವು ಹಳದಿ ಚೀಲಕ್ಕೆ. ಇದರ ಹೊಗೆಯ ಲೆಕ್ಕ ಯಾರಾದರೂ ಇಟ್ಟಿದ್ದಾರಾ ಅನ್ನಿಸಿತು.

ಇಟ್ಟಿದ್ದಾರೆ. ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ಸಾಮಾನ್ಯ ರಕ್ತಪರೀಕ್ಷೆಗಳ ಕಾರ್ಬನ್ ಲೆಕ್ಕ ಪ್ರಕಟಿಸಿದರು. ನಾವು ಸಿಬಿಸಿ ಅನ್ನುವ, ರಕ್ತಕಣ ಎಣಿಸುವ ಪರೀಕ್ಷೆಗೆ ಸುಮಾರು 116 ಗ್ರಾಂ ಕಾರ್ಬನ್ ಡೈಆಕ್ಸೈಡ್ (ಮುಂದೆ ಬರೀ ಕಾರ್ಬನ್ ಅಂದರೂ ಇದೇ ಲೆಕ್ಕ, ಬೇರೆ ಅನಿಲಗಳನ್ನೂ ಇದಕ್ಕೆ ಸಮ ಮಾಡಿ ಎಣಿಸುತ್ತಾರೆ). ಅಂದರೆ ಸುಮಾರು 50 ಮಿಲೀ ಪೆಟ್ರೋಲ್ ಸುಟ್ಟಷ್ಟು. ಲ್ಯಾಬಿಗೆ ಆಟೋದಲ್ಲಿ ಹೋಗಿಬಂದರೆ ಅದಕ್ಕಿಂತ ಜಾಸ್ತಿ ಆಗಬಹುದು. ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಖ್ಯೆ. ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ಸಿಆರ್‌ಪಿ ಪರೀಕ್ಷೆಗೆ ಬರೀ ಅರ್ಧ ಗ್ರಾಂ! ಯಾಕೆಂದರೆ ಅದನ್ನು ಬೇರೆ ಪರೀಕ್ಷೆಗೆಂದು ಈಗಾಗಲೇ ತೆಗೆದ ರಕ್ತದಲ್ಲೇ ಮಾಡುತ್ತಾರೆ. ಹೊಗೆ ಇರುವುದು ಲ್ಯಾಬಿನ ಯಂತ್ರದಲ್ಲಲ್ಲ, ಸೂಜಿ, ಟ್ಯೂಬ್, ಗ್ಲೌಸ್ ತಯಾರಿಕೆಯಲ್ಲಿ. ಚುಚ್ಚಿದ ಮೇಲೆ ನಾಲ್ಕು ಪರೀಕ್ಷೆ ಮಾಡಿದರೂ ದೊಡ್ಡ ವ್ಯತ್ಯಾಸವಿಲ್ಲ. ನಾಲ್ಕು ಸಲ ಚುಚ್ಚಿದರೆ ಇದೆ. ಅಮ್ಮ ಹೇಳಿದ್ದೂ ಹೆಚ್ಚುಕಡಿಮೆ ಅದೇ ಅಲ್ವಾ?

ಅದೇ ದೇಶದ ಇನ್ನೊಂದು ಅಧ್ಯಯನ ಸ್ಕ್ಯಾನಿಂಗ್ ಲೆಕ್ಕ ಹಾಕಿತು. ಒಂದು ಎಂಆರ್‌ಐಗೆ 17.5 ಕೆಜಿ, ಸಿಟಿ ಸ್ಕ್ಯಾನಿಗೆ 9.2 ಕೆಜಿ. ಎಕ್ಸ್‌ರೇ, ಅಲ್ಟ್ರಾಸೌಂಡ್ ಎರಡಕ್ಕೂ ಒಂದು ಕೆಜಿಗಿಂತ ಕಮ್ಮಿ. ಅಲ್ಟ್ರಾಸೌಂಡಿನಲ್ಲೇ ಗೊತ್ತಾಗುವ ಕಾಯಿಲೆಗೆ ಎಂಆರ್‌ಐ ಬರೆದರೆ ಹೋಗುವುದು ದುಡ್ಡು ಮಾತ್ರವಲ್ಲ.

ಈ ಬಿಡಿ ಲೆಕ್ಕಗಳ ಒಟ್ಟು ಮೊತ್ತ ಎಷ್ಟು? ಹೆಲ್ತ್ ಕೇರ್ ವಿತೌಟ್ ಹಾರ್ಮ್ ಮತ್ತು ಅರೂಪ್ ಸಂಸ್ಥೆಗಳು 2019ರಲ್ಲಿ ಜಗತ್ತಿನ ಆರೋಗ್ಯ ಕ್ಷೇತ್ರದ ಕಾರ್ಬನ್ ಲೆಕ್ಕ ಮುಂದಿಟ್ಟವು. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ 4.4 ಶೇಕಡಾ ಆರೋಗ್ಯ ಕ್ಷೇತ್ರದ್ದು. ಅದೊಂದು ದೇಶವಾಗಿದ್ದರೆ ಹೊಗೆ ಉಗುಳುವವರ ಪಟ್ಟಿಯಲ್ಲಿ ಐದನೆಯದಾಗುತ್ತಿತ್ತು. ಆದರೆ ಆಸ್ಪತ್ರೆಯ ಬಾಯ್ಲರ್, ಆಂಬುಲೆನ್ಸ್, ಅರಿವಳಿಕೆ ಅನಿಲ ಇಂಥ ನೇರ ಮೂಲಗಳಿಂದ ಬರುವುದು 17 ಶೇಕಡಾ ಮಾತ್ರ. ಕೊಂಡ ಕರೆಂಟಿನಿಂದ 12. ಮಿಕ್ಕ 71 ಶೇಕಡಾ ಔಷಧಿ, ಉಪಕರಣ, ಬಟ್ಟೆ, ಪ್ಲಾಸ್ಟಿಕ್, ಊಟ, ಸಾಗಾಟ ಇವುಗಳದ್ದು. ಅದು ಆಸ್ಪತ್ರೆಯ ಗೇಟಿನೊಳಗೆ ಕಾಣಿಸುವುದೇ ಇಲ್ಲ. ಕಾರ್ಖಾನೆಗೆ ಚಿಮಣಿ ಇರುತ್ತದೆ, ಬೆರಳು ತೋರಿಸಬಹುದು. ಆಸ್ಪತ್ರೆಯ ಚಿಮಣಿ ಇರುವುದು ಅದರ ಸ್ಟೋರಿನಲ್ಲಿ ಸಾಮಾನು ತರಿಸಲು ಬರೆಯುವ ಇಂಡೆಂಟ್ ಪುಸ್ತಕದಲ್ಲಿ.

ಭಾರತದ ಜಾಗ ವಿಚಿತ್ರವಾಗಿದೆ. ಒಟ್ಟು ಲೆಕ್ಕದಲ್ಲಿ ನಮ್ಮ ಆರೋಗ್ಯ ಕ್ಷೇತ್ರ ಜಗತ್ತಿಗೇ ಏಳನೆಯದು. ತಲಾ ಲೆಕ್ಕದಲ್ಲಿ ತೀರಾ ಕೆಳಗೆ. ಅಮೆರಿಕದಲ್ಲಿ ಒಬ್ಬರ ಆರೋಗ್ಯಕ್ಕಾಗಿ ಹೊಮ್ಮುವ ಕಾರ್ಬನ್ ಇಲ್ಲಿಯದರ 57 ಪಟ್ಟು. ನಾವು ಮಿತವ್ಯಯಿಗಳು ಅಂತ ಬೆನ್ನು ತಟ್ಟಿಕೊಳ್ಳುವ ವಿಷಯ ಇದಲ್ಲ. ಆಸ್ಪತ್ರೆಯೇ ಸಿಗದವರ ಪಾಲೂ ಆ ಕಮ್ಮಿ ಲೆಕ್ಕದಲ್ಲಿ ಸೇರಿದೆ. ಯಾದಗಿರಿಯ ಹಳ್ಳಿಯಲ್ಲಿ ಡಯಾಲಿಸಿಸ್ ಸಿಗದೆ ಯಾರೋ ಸತ್ತರೆ ಕಾರ್ಬನ್ ಉಳಿಯುತ್ತದೆ. ಅಂಥ ಉಳಿತಾಯ ಯಾರಿಗೆ ಬೇಕು? ಇಲ್ಲಿ ಚಿಕಿತ್ಸೆ ಇನ್ನೂ ಹೆಚ್ಚಬೇಕು, ಹೆಚ್ಚುತ್ತದೆ. ಹಾಗಾಗಿ ನಮ್ಮ ಪ್ರಶ್ನೆ ಬೇರೆ. ಮುಂದಿನ ಇಪ್ಪತ್ತು ವರ್ಷದಲ್ಲಿ ಕಟ್ಟುವ ಆಸ್ಪತ್ರೆ, ಕೊಳ್ಳುವ ಯಂತ್ರ, ಕಲಿಯುವ ಅಭ್ಯಾಸ ಯಾವ ಥರದ್ದಾಗಿರಬೇಕು?

ಇಂಗ್ಲೆಂಡ್ ಈ ವಿಷಯವನ್ನು ಕಾನೂನಿಗೇ ಸೇರಿಸಿದೆ. ಅಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್ 2020ರಲ್ಲಿ ಗುರಿ ಇಟ್ಟುಕೊಂಡಿತು: ತನ್ನ ಹತೋಟಿಯಲ್ಲಿರುವ ಹೊರಸೂಸುವಿಕೆ 2040ಕ್ಕೆ ನಿವ್ವಳ ಸೊನ್ನೆ (ಅಂದರೆ ಬಿಟ್ಟಷ್ಟನ್ನು ಗಾಳಿಯಿಂದ ವಾಪಸ್ ತೆಗೆಯುವುದು), ಪೂರೈಕೆದಾರರದ್ದೂ ಸೇರಿದರೆ 2045ಕ್ಕೆ. 2022ರ ಕಾಯ್ದೆಯಲ್ಲಿ ಅದು ಸೇರಿತು. ಗುರಿ ಇಟ್ಟ ಮೇಲೆ ದಾರಿ ಬೇಕಲ್ಲ, ಸಂಶೋಧನೆ ಬರುವುದು ಅಲ್ಲಿ. ಯಾವುದನ್ನು ಬಿಟ್ಟರೆ ರೋಗಿಗೆ ತೊಂದರೆ ಇಲ್ಲ, ಯಾವುದನ್ನು ಮುಟ್ಟಲೇಬಾರದು, ಅಂದಾಜಿನಲ್ಲಿ ಹೇಳಲು ಆಗುವುದಿಲ್ಲ. ಒಂದು ಉದಾಹರಣೆ ನೋಡಿ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ದಾದಿಯರು 2018ರಲ್ಲಿ ಗ್ಲೌಸ್ ಬಳಕೆಯನ್ನೇ ಪ್ರಶ್ನಿಸಿದರು. ಬಾಯಿಗೆ ಔಷಧಿ ಹಾಕಲು, ಹಾಸಿಗೆ ಸರಿಮಾಡಲು ಗ್ಲೌಸ್ ಯಾಕೆ, ಕೈ ತೊಳೆದರೆ ಸಾಲದೇ ಅಂತ. ಒಂದು ವರ್ಷದಲ್ಲಿ 37 ಲಕ್ಷ ಗ್ಲೌಸ್, 21 ಟನ್ ಪ್ಲಾಸ್ಟಿಕ್ ಉಳಿಯಿತು. ಸದಾ ಗ್ಲೌಸಿನೊಳಗೆ ಬೆವೆತು ಒಡೆಯುತ್ತಿದ್ದ ಕೈಗಳೂ ಸುಧಾರಿಸಿದವು.

ಆದರೆ ಈ ಸಂಶೋಧನೆಯ ಅತಿ ಚೆಂದದ ಕಥೆ ಇಂಗ್ಲೆಂಡಿನದಲ್ಲ. ಪಕ್ಕದ ತಮಿಳುನಾಡಿನದು.

ಮದುರೈಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯ ಕಣ್ಣಾಸ್ಪತ್ರೆ ತೆರೆದರು. ಅದೇ ಇವತ್ತಿನ ಅರವಿಂದ್ ಕಣ್ಣಾಸ್ಪತ್ರೆಗಳ ಬಳಗ. ಅಲ್ಲಿ ಕಣ್ಣಿನ ಪೊರೆಯ ಆಪರೇಷನ್ ನಡೆಯುವ ರೀತಿ ಬೇರೆ. ಒಂದೇ ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಎರಡು ಮೇಜು. ಒಬ್ಬರದು ನಡೆಯುವಾಗ ಪಕ್ಕದ ಮೇಜಿನಲ್ಲಿ ಮುಂದಿನವರು ಸಿದ್ಧರಾಗಿರುತ್ತಾರೆ. ಸರ್ಜನ್ ತಿರುಗಿ ಕೂತರೆ ಸಾಕು. ಉಪಕರಣಗಳನ್ನು ಉಗಿಯಲ್ಲಿ ಶುದ್ಧ ಮಾಡಿ ಮತ್ತೆ ಬಳಸುತ್ತಾರೆ. ಹೊದಿಸುವುದು ಒಗೆದ ಬಟ್ಟೆ. ಒಂದು ಬಾಟಲಿ ಕಣ್ಣಿನ ಹನಿ ಹಲವು ರೋಗಿಗಳಿಗೆ. ಒಂದು ಕೇಸಿಗೊಂದು ಗೌನ್ ಎಂಬ ನಿಯಮ ಇಲ್ಲ. ಪಶ್ಚಿಮದ ಆಸ್ಪತ್ರೆಗಳ ಇನ್‌ಫೆಕ್ಷನ್ ಕಂಟ್ರೋಲ್ ಅಧಿಕಾರಿ ಇದನ್ನು ನೋಡಿದರೆ ತಲೆ ತಿರುಗಿ ಬೀಳಬಹುದು.

ಅಮೆರಿಕದ ಸಂಶೋಧಕಿ ಕ್ಯಾಸಾಂಡ್ರಾ ತೀಲ್ ಮತ್ತು ತಂಡ ಅರವಿಂದದಲ್ಲಿ ಕೂತು ಅಳೆದರು. ಕಸದ ಬುಟ್ಟಿ ತೂಗಿದರು, ಕರೆಂಟ್ ಲೆಕ್ಕ ಹಾಕಿದರು, ಕೊಂಡ ಸಾಮಾನಿನ ಪಟ್ಟಿ ಮಾಡಿದರು. 2017ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಒಂದು ಆಪರೇಷನ್ನಿಗೆ 250 ಗ್ರಾಂ ಕಸ, ಸುಮಾರು 6 ಕೆಜಿ ಕಾರ್ಬನ್. ಇದೇ ಆಪರೇಷನ್ ಬ್ರಿಟನ್ನಿನಲ್ಲಿ ಮಾಡಿದರೆ ಆಗುವ ಕಾರ್ಬನ್ನಿನಲ್ಲಿ ಇದು ಇಪ್ಪತ್ತನೇ ಒಂದು ಪಾಲು.

ಹಾಗಾದರೆ ಇನ್‌ಫೆಕ್ಷನ್? ಅದೇ ತಾನೇ ಮುಖ್ಯ ಪ್ರಶ್ನೆ. ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡು ಕಣ್ಣು ಕಳೆದುಕೊಂಡವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅರವಿಂದದ ವೈದ್ಯರು ಸುಮಾರು 6 ಲಕ್ಷ ಆಪರೇಷನ್‌ಗಳ ದಾಖಲೆ ಇಟ್ಟುಕೊಂಡು ಅದಕ್ಕೆ ಉತ್ತರ ಕೊಟ್ಟರು. ಕಣ್ಣಿನೊಳಗೆ ಸೋಂಕಾದದ್ದು ಮೊದಲು 0.07 ಶೇಕಡಾ. ಆಪರೇಷನ್ ಮುಗಿಯುವಾಗ ಕಣ್ಣಿನೊಳಗೇ ಮಾಕ್ಸಿಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯಾಟಿಕ್ ಹಾಕಲು ಶುರುಮಾಡಿದ ಮೇಲೆ 0.02 ಶೇಕಡಾ. ಅಂದರೆ ಹತ್ತು ಸಾವಿರಕ್ಕೆ ಇಬ್ಬರು. ಶ್ರೀಮಂತ ದೇಶಗಳ ಒಳ್ಳೆಯ ಆಸ್ಪತ್ರೆಗಳ ಪಕ್ಕದಲ್ಲಿ ಧೈರ್ಯವಾಗಿ ಇಡಬಹುದಾದ ಸಂಖ್ಯೆ ಇದು. ಸೋಂಕನ್ನು ತಡೆದದ್ದು ಅಗ್ಗದ ಒಂದು ಔಷಧಿ ಮತ್ತು ಗಟ್ಟಿ ಶಿಸ್ತು. ಬಿಸಾಡುವ ಗೌನ್ ಅಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ. ಇದನ್ನು ಓದಿ ಯಾವುದೋ ನರ್ಸಿಂಗ್ ಹೋಮಿನವರು ನಾಳೆಯಿಂದ ಸಿರಿಂಜು ತೊಳೆದು ಬಳಸಿದರೆ ಅದು ಅಪರಾಧ. ಅರವಿಂದದ ಬಲ ಇರುವುದು ಮರುಬಳಕೆಯಲ್ಲಲ್ಲ, ಮರುಬಳಕೆ ಮಾಡಿದ ಮೇಲೆ ಏನಾಯಿತು ಅಂತ ಲಕ್ಷಾಂತರ ಕೇಸುಗಳಲ್ಲಿ ಬರೆದಿಟ್ಟಿರುವುದರಲ್ಲಿ.

ನನ್ನ ತಕರಾರು ಇರುವುದೂ ಇಲ್ಲೇ. ಬೆಂಗಳೂರಿನ ಹಳೆಯ ಆಸ್ಪತ್ರೆಗಳ ಓಟಿಗಳಲ್ಲಿ ಹಸಿರು ಬಟ್ಟೆಯ ಗೌನ್, ಸ್ಟೀಲ್ ಟ್ರೇ, ಉಗಿಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಡ್ರಮ್ಮು, ಮಧ್ಯಾಹ್ನ ಹಗ್ಗದ ಮೇಲೆ ಒಣಗುವ, ರೋಗಿಗೆ ಹೊದಿಸುವ ಡ್ರೇಪುಗಳು ಇದ್ದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗಲೂ ಇವೆ. ಹೊಸ ದೊಡ್ಡ ಆಸ್ಪತ್ರೆಗಳಲ್ಲಿ ಆ ಜಾಗಕ್ಕೆ ಒಮ್ಮೆ ಬಳಸಿ ಎಸೆಯುವ ಕಿಟ್‌ಗಳು ಬಂದಿವೆ. ಬಿಲ್ಲಿನಲ್ಲಿ 'ಕನ್ಸ್ಯೂಮಬಲ್ಸ್' ಅನ್ನುವ ಸಾಲು ಉದ್ದವಾಗುತ್ತಾ ಹೋಗುತ್ತಿದೆ. ಬಹಳಷ್ಟು ಪಾಲಿಸಿಗಳಲ್ಲಿ ವಿಮೆ ಕಂಪನಿ ಅದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವುದು ಡಿಸ್ಚಾರ್ಜ್ ದಿನ ಗೊತ್ತಾಗುತ್ತದೆ. ಈ ಬದಲಾವಣೆಯಿಂದ ಸೋಂಕು ಎಷ್ಟು ಇಳಿಯಿತು ಅಂತ ಯಾರಾದರೂ ಅಳೆದು ಆಮೇಲೆ ಬದಲಾಯಿಸಿದರೇ? ಹಾಗೆ ಕಾಣುವುದಿಲ್ಲ. ಹೊಸದು ಸ್ವಚ್ಛ, ಹಳೆಯದು ಕೊಳಕು ಅನ್ನುವ ನಂಬಿಕೆಯೇ ಸಾಕಾಯಿತು. ಇಂಗ್ಲೆಂಡು ದುಡ್ಡು ಸುರಿದು ಹಿಂದಕ್ಕೆ ಹೋಗಲು ನೋಡುತ್ತಿರುವ ಜಾಗದಿಂದ ನಾವು ಈಗಷ್ಟೇ ಹೊರಟಿದ್ದೇವೆ, ಅದೂ ಎದುರು ದಿಕ್ಕಿಗೆ.

ಬಟ್ಟೆ ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು ಅಂತ ಕಣ್ಣುಮುಚ್ಚಿ ಹೇಳಲೂ ಬರುವುದಿಲ್ಲ. ಮೆಲ್ಬರ್ನಿನ ಅರಿವಳಿಕೆ ತಜ್ಞ ಫೋರ್ಬ್ಸ್ ಮೆಕ್‌ಗೇನ್ ಮತ್ತು ಜೊತೆಗಾರರ 2017ರ ಅಧ್ಯಯನ ಇದಕ್ಕೆ ಸಾಕ್ಷಿ. ಆರು ಓಟಿಗಳಿರುವ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಸಾಮಾನುಗಳನ್ನು ಬಿಸಾಡುವ ಬದಲು ತೊಳೆದು ಬಳಸಿದರೆ ಏನಾಗುತ್ತದೆ ಅಂತ ನೋಡಿದರು. ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಕಾರ್ಬನ್ ಸುಮಾರು 10 ಶೇಕಡಾ ಏರಿತು! ಅಲ್ಲಿಯ ಕರೆಂಟ್ ಬರುವುದು ಕಂದು ಕಲ್ಲಿದ್ದಲಿನಿಂದ. ತೊಳೆಯುವ, ಒಣಗಿಸುವ, ಶುದ್ಧ ಮಾಡುವ ಯಂತ್ರಗಳು ಆ ಕರೆಂಟನ್ನೇ ತಿಂದವು. ಅದೇ ಸಾಮಾನು, ಅದೇ ಯಂತ್ರ ಯುರೋಪಿನ ಕರೆಂಟಿನಲ್ಲಿ ಓಡಿದ್ದರೆ 84 ಶೇಕಡಾ ಇಳಿಯುತ್ತಿತ್ತು. ಅಮೆರಿಕದಲ್ಲಾದರೆ 48.

ಬೆಂಗಳೂರಿನಲ್ಲಾದರೆ? ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಯಾಕೆಂದರೆ ಉತ್ತರ ಯಾವ ಕರೆಂಟನ್ನು ಲೆಕ್ಕ ಹಿಡಿಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಜೋಡಣೆಯಾದಾಗ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಸೇರಿತು. ಅಲ್ಲಿಂದೀಚೆಗೆ ಲೆಕ್ಕಕ್ಕೆ ಇಡೀ ದೇಶಕ್ಕೆ ಒಂದೇ ಸರಾಸರಿ: ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್. ಕಲ್ಲಿದ್ದಲಿನ ಪಾಲು ದೊಡ್ಡದಿರುವ ಜಾಲ ಇದು, ಹಾಗಾಗಿ ನಾವು ಮೆಲ್ಬರ್ನಿನ ಹತ್ತಿರವೇ ನಿಲ್ಲುತ್ತೇವೆ. ಆದರೆ ಕರ್ನಾಟಕದ ಹಗಲು ಬೇರೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಆಸ್ಪತ್ರೆಯ ಛಾವಣಿಯ ಮೇಲೇ ಪ್ಯಾನೆಲ್ ಇದ್ದರೆ ಮಾತು ಇನ್ನೂ ಬದಲಾಗುತ್ತದೆ. ಆಟೋಕ್ಲೇವನ್ನು ರಾತ್ರಿ ಹತ್ತಕ್ಕೆ ಓಡಿಸುವುದಕ್ಕೂ ಮಧ್ಯಾಹ್ನ ಹನ್ನೆರಡಕ್ಕೆ ಓಡಿಸುವುದಕ್ಕೂ ವ್ಯತ್ಯಾಸ ಬರುತ್ತದೆ. ಮತ್ತೆ, ಮೆಲ್ಬರ್ನಿನವರು ಡ್ರೈಯರ್‌ಗೆ ಹಾಕುವ ಬಟ್ಟೆಯನ್ನು ನಾವು ವರ್ಷದಲ್ಲಿ ಹೆಚ್ಚುಕಾಲ ಬಿಸಿಲಿಗೆ ಹಾಕಬಹುದು. ಆ ಬಿಸಿಲಿಗೆ ಲೆಕ್ಕದ ಹಾಳೆಯಲ್ಲಿ ಕಾಲಂ ಇಲ್ಲ. ಹೊರಗಿನ ಅಧ್ಯಯನವನ್ನು ತಂದು ಇಲ್ಲಿ ಅಂಟಿಸಿದರೆ ತಪ್ಪು ಉತ್ತರ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅರಿವಳಿಕೆ ಅನಿಲಗಳ ವಿಷಯ ಇಷ್ಟು ಗೊಂದಲದ್ದಲ್ಲ. ಡೆಸ್‌ಫ್ಲುರೇನ್ ಅನ್ನುವ ಅನಿಲ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ರೋಗಿ ಉಸಿರಿನಲ್ಲಿ ಎಳೆದುಕೊಂಡದ್ದು ಬಹುಪಾಲು ಹಾಗೇ ಹೊರಗೆ ಬಂದು ಗಾಳಿಗೆ ಸೇರುತ್ತದೆ. 240 ಮಿಲೀಯ ಒಂದು ಬಾಟಲಿ ಅಂದರೆ ಸುಮಾರು 900 ಕೆಜಿ ಕಾರ್ಬನ್. ಬೆಂಗಳೂರಿನಿಂದ ದೆಹಲಿಗೆ ಕಾರಿನಲ್ಲಿ ಹೋಗಿ ವಾಪಸ್ ಬಂದರೂ ಅಷ್ಟಾಗುವುದಿಲ್ಲ. ಸೆವೊಫ್ಲುರೇನ್ ಅನ್ನುವ ಇನ್ನೊಂದು ಅರಿವಳಿಕೆ ಅನಿಲ ಇದರ ಹತ್ತನೇ ಒಂದು ಪಾಲಿಗೂ ಬರುವುದಿಲ್ಲ, ಬೇಕಾಗುವ ಪ್ರಮಾಣವೂ ಕಮ್ಮಿ. ಹೆಚ್ಚಿನ ಆಪರೇಷನ್ನಿಗೆ ಅದು ಧಾರಾಳವಾಗಿ ಸಾಕು. ಸ್ಕಾಟ್ಲೆಂಡ್ 2023ರಲ್ಲಿ ಡೆಸ್‌ಫ್ಲುರೇನ್ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2026ರ ಜನವರಿಯಿಂದ, ವೈದ್ಯಕೀಯವಾಗಿ ಬೇರೆ ದಾರಿಯೇ ಇಲ್ಲದ ಸಂದರ್ಭ ಬಿಟ್ಟು, ನಿಷೇಧ. ಹದಿನಾಲ್ಕು ವರ್ಷದಷ್ಟೇ ಗಾಳಿಯಲ್ಲಿ ಇರುವ ಅನಿಲಕ್ಕೆ ಇಷ್ಟು ಗಲಾಟೆ ಯಾಕೆ ಅಂತ ಕೇಳುವ ವಿಜ್ಞಾನಿಗಳೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಅಗ್ಗದ, ಅಷ್ಟೇ ಒಳ್ಳೆಯ ಬದಲಿ ಇರುವಾಗ ದುಬಾರಿಯದನ್ನು ಉಳಿಸಿಕೊಳ್ಳಲು ಕಾರಣ ಕಾಣುವುದಿಲ್ಲ.

ನೈಟ್ರಸ್ ಆಕ್ಸೈಡ್ ಅನ್ನುವ ಮತ್ತೊಂದು ಅರಿವಳಿಕೆ ಅನಿಲದ್ದು ಬೇರೆ ಕಥೆ. ಅದು ಗಾಳಿಯಲ್ಲಿ ನೂರು ವರ್ಷಕ್ಕೂ ಜಾಸ್ತಿ ಇರುತ್ತದೆ. ಎಡಿನ್‌ಬರೋ ಸುತ್ತಲಿನ ಲೋಥಿಯನ್ ಆಸ್ಪತ್ರೆಗಳ ಫಾರ್ಮಸಿಯವರು ಒಂದು ಸರಳ ಕೆಲಸ ಮಾಡಿದರು. ಕೊಂಡ ಸಿಲಿಂಡರ್ ಎಷ್ಟು, ರೋಗಿಗಳಿಗೆ ಕೊಟ್ಟದ್ದು ಎಷ್ಟು ಅಂತ ತಾಳೆ ನೋಡಿದರು. ಕೊಂಡದ್ದರಲ್ಲಿ ಬಹುಪಾಲು ರೋಗಿಯನ್ನು ಮುಟ್ಟುವ ಮೊದಲೇ ಗೋಡೆಯೊಳಗಿನ ಪೈಪುಗಳಿಂದ ಸೋರಿಹೋಗುತ್ತಿತ್ತು. ಪೈಪ್‌ಲೈನ್ ಮುಚ್ಚಿ, ಮಂಚದ ಪಕ್ಕಕ್ಕೆ ಚಿಕ್ಕ ಸಿಲಿಂಡರ್ ತಂದರೆ ಮುಗಿಯಿತು. ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ಸಿಲಿಂಡರ್‌ಗಳನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ರೂಮಿದೆ, ನೀಲಿ ಸಿಲಿಂಡರಿನ ಸಾಲಿದೆ, ಗೋಡೆಯೊಳಗೆ ಹಳೆಯ ತಾಮ್ರದ ಪೈಪಿದೆ. ಈ ತಾಳೆ ನೋಡಲು ಲ್ಯಾಬ್ ಬೇಡ, ಫಂಡ್ ಬೇಡ. ಒಬ್ಬ ಪಿಜಿ ವಿದ್ಯಾರ್ಥಿಯ ಮೂರು ತಿಂಗಳ ಪ್ರಬಂಧಕ್ಕೆ ಸರಿಹೊಂದುವ ಕೆಲಸ.

ಹಾಗಾದರೆ ಅನಿಲ ಬಿಟ್ಟು ಬೆನ್ನಿಗೆ ಚುಚ್ಚಿ ಮಾಡುವ ಸ್ಪೈನಲ್ ಅರಿವಳಿಕೆ ಒಳ್ಳೆಯದಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೆಲ್ಬರ್ನಿನವರು ಮಂಡಿ ಬದಲಾವಣೆಯ ಆಪರೇಷನ್‌ಗಳಲ್ಲಿ ಅಳೆದು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಸ್ಪೈನಲ್ ಕೊಟ್ಟವರಿಗೆ ಉದ್ದಕ್ಕೂ ಹರಿಸುವ ಆಕ್ಸಿಜನ್, ಜೊತೆಗೆ ಬಿಸಾಡುವ ಕಿಟ್, ಬಿಸಿಗಾಳಿಯ ಹೊದಿಕೆಯ ಕರೆಂಟ್ ಸೇರಿ ಲಾಭವನ್ನೆಲ್ಲ ನುಂಗಿದವು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಸಿಸೇರಿಯನ್‌ಗಳಲ್ಲಿ ಸ್ಪೈನಲ್ಲೇ ಹೆಚ್ಚು, ಕಿಟ್ ಚಿಕ್ಕದು. ಅಲ್ಲಿಯ ಲೆಕ್ಕ ಬೇರೆಯೇ ಬರಬಹುದು.

ಇನ್ನು ಕಟ್ಟಡ. 1900ರಲ್ಲಿ ಶುರುವಾದ ವಿಕ್ಟೋರಿಯಾ ಆಸ್ಪತ್ರೆಯ ಹಳೆಯ ಬ್ಲಾಕಿನೊಳಗೆ ಹೋದವರಿಗೆ ಗೊತ್ತು: ಎತ್ತರದ ಸೂರು, ಅಗಲದ ಜಗುಲಿ, ಎದುರುಬದುರು ಕಿಟಕಿ. ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದ್ದು. ಈಗಿನ ಗಾಜಿನ ಆಸ್ಪತ್ರೆಗಳಲ್ಲಿ ಡಿಸೆಂಬರ್ ಬೆಳಿಗ್ಗೆಯೂ ಲಾಬಿಗೆ ಎಸಿ ಬೇಕು. ಕಾಯುವವರು ಸ್ವೆಟರ್ ಹಾಕಿ ಕೂತಿರುತ್ತಾರೆ. ಓಟಿಗೆ, ಐಸಿಯುಗೆ ಎಸಿ ಬೇಕೇ ಬೇಕು, ಅದರಲ್ಲಿ ಮಾತಿಲ್ಲ. ಆದರೆ ರಾತ್ರಿ ಖಾಲಿ ಇರುವ ಓಟಿಯಲ್ಲೂ ಗಾಳಿ ಅದೇ ವೇಗದಲ್ಲಿ ತಿರುಗಬೇಕಾ? ಸ್ವಿಟ್ಜರ್‌ಲೆಂಡಿನ ಬಾಸೆಲ್ ಆಸ್ಪತ್ರೆಯ ಅಧ್ಯಯನವೊಂದು ಸಿಟಿ ಸ್ಕ್ಯಾನರ್ ತಿನ್ನುವ ಕರೆಂಟಿನಲ್ಲಿ ಮೂರನೇ ಎರಡು ಪಾಲು ಅದು ಸುಮ್ನೆ ನಿಂತಿರುವಾಗಲೇ ಹೋಗುತ್ತದೆ ಅಂತ ಕಂಡುಹಿಡಿಯಿತು. ಈ ಉಳಿತಾಯಕ್ಕೆ ಯಾವ ರೋಗಿಯ ಒಪ್ಪಿಗೆಯೂ ಬೇಕಾಗಿಲ್ಲ.

ಕರೆಂಟಿನ ವಿಷಯದಲ್ಲಿ ಬೆಂಗಳೂರಿಗೆ ಹೆಮ್ಮೆ ಪಡುವ ಕಾರಣವೂ ಇದೆ. ಹರೀಶ್ ಹಂದೆ 1995ರಲ್ಲಿ ಸಹಸ್ಥಾಪಕರಾಗಿ ಶುರುಮಾಡಿದ ಸೋಲಾರ್ ಕಂಪನಿ ಸೆಲ್ಕೋದ ಪ್ರತಿಷ್ಠಾನ ಕೇಂದ್ರ ಆರೋಗ್ಯ ಸಚಿವಾಲಯದ ಜೊತೆ ಸೇರಿ 12 ರಾಜ್ಯಗಳಲ್ಲಿ 25,000 ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕುವ ಗುರಿ ಹೊತ್ತಿದೆ. ಇದರ ಮೊದಲ ಲಾಭ ಕಾರ್ಬನ್ ಅಲ್ಲ. ಛತ್ತೀಸ್‌ಗಢದಲ್ಲಿ ಸೋಲಾರ್ ಇರುವ ಮತ್ತು ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು (ಪಿಎಚ್‌ಸಿ) ಹೋಲಿಸಿದ 2017ರ ಅಧ್ಯಯನದಲ್ಲಿ, ಸೋಲಾರ್ ಇದ್ದ ಕಡೆ ತಿಂಗಳಿಗೆ ಆಗುವ ಹೆರಿಗೆಗಳು ಹೆಚ್ಚುಕಡಿಮೆ ಎರಡರಷ್ಟಿದ್ದವು. ರಾತ್ರಿ ಬೆಳಕಿದ್ದರೆ ತಾಯಂದಿರು ಬರುತ್ತಾರೆ. ಡೀಸೆಲ್ ಜನರೇಟರ್ ಸುಮ್ಮನಾಗುವುದು ಅದರ ಜೊತೆಗೆ ಬರುವ ಇನಾಮು.

ಇನ್ಹೇಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒತ್ತಿದರೆ ಚಿಮ್ಮುವ ಪಂಪಿನೊಳಗಿನ ಅನಿಲ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುತ್ತದೆ. ಬ್ರಿಟನ್ ಪುಡಿಯ ಇನ್ಹೇಲರ್ ಕಡೆ ಹೋಗಲು ಒದ್ದಾಡುತ್ತಿದೆ. ನಮ್ಮಲ್ಲಿ ಕ್ಯಾಪ್ಸೂಲ್ ಒಡೆದು ಎಳೆಯುವ ರೋಟಾಹೇಲರ್ ಎಷ್ಟೋ ವರ್ಷದಿಂದ ಮನೆಮನೆಯಲ್ಲಿದೆ, ಅಗ್ಗ ಅನ್ನುವ ಕಾರಣಕ್ಕೆ. ಚಿಕ್ಕ ಮಕ್ಕಳಿಗೆ, ಜೋರಾಗಿ ಎಳೆಯಲಾಗದ ವಯಸ್ಸಾದವರಿಗೆ ಪಂಪೇ ಬೇಕು. ಅವರನ್ನು ಈ ಲೆಕ್ಕಕ್ಕೆ ಎಳೆಯುವುದು ಬೇಡ.

ಓಡಾಟದ ಲೆಕ್ಕ ನಮ್ಮಲ್ಲಿ ಭಾರವಾದದ್ದು. ಎನ್‌ಎಚ್‌ಎಸ್ ಲೆಕ್ಕದಲ್ಲಿ ರೋಗಿಗಳು, ಸಿಬ್ಬಂದಿ, ನೋಡಲು ಬರುವವರ ಪ್ರಯಾಣ ಸೇರಿ ಸುಮಾರು ಹತ್ತನೇ ಒಂದು ಪಾಲು. ಕಿದ್ವಾಯಿ, ನಿಮ್ಹಾನ್ಸ್, ಜಯದೇವ ಆಸ್ಪತ್ರೆಗಳ ಮುಂದೆ ಬೆಳಿಗ್ಗೆ ಆರಕ್ಕೆ ನಿಂತರೆ ಕರ್ನಾಟಕದ ಅರ್ಧ ಜಿಲ್ಲೆಗಳ ಮಾತು ಕೇಳಿಸುತ್ತದೆ. ಒಬ್ಬ ರೋಗಿಯ ಜೊತೆ ಇಬ್ಬರು, ರಾತ್ರಿ ಬಸ್ಸು, ಹತ್ತಿರದ ಲಾಡ್ಜು, ಎರಡು ನಿಮಿಷದ ಭೇಟಿ, ಮತ್ತೆ ರಾತ್ರಿ ಬಸ್ಸು. ಕೂಲಿ ಹೋದದ್ದು ಬೇರೆ. ಇದಕ್ಕೆ ಮದ್ದು ಹುಡುಕುವ ಕೆಲಸ ಇಲ್ಲೇ ಶುರುವಾಗಿತ್ತು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಪಿಎಚ್‌ಸಿ ವೈದ್ಯರಿಗೇ ಮಾನಸಿಕ ಕಾಯಿಲೆಯ ಚಿಕಿತ್ಸೆ ಕಲಿಸಿ ನೋಡಿತು, ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೂ ನಿಮ್ಹಾನ್ಸೇ ಮುಖ್ಯ ಕೇಂದ್ರ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಯಾರೂ ಇವನ್ನು ಹವಾಮಾನದ ಕೆಲಸ ಅಂತ ಕರೆಯಲಿಲ್ಲ. ಉಳಿದ ಬಸ್ ಪ್ರಯಾಣಗಳನ್ನು ಎಣಿಸಿದರೆ ಇದೂ ಅದೇ ಕೆಲಸ.

ಇಲ್ಲೊಂದು ಗುಂಡಿ ಇದೆ, ಅದನ್ನೂ ಹೇಳಬೇಕು. ಬ್ರಿಟನ್ನಿನವರು ಸೋಷಿಯಲ್ ಕೇರ್ ಅನ್ನುವ ಕೆಲಸ, ಅಂದರೆ ವಯಸ್ಸಾದವರನ್ನು, ಕೈಲಾಗದವರನ್ನು ನೋಡಿಕೊಳ್ಳುವುದು, ನಮ್ಮಲ್ಲಿ ಹೆಚ್ಚಾಗಿ ಮನೆಯಲ್ಲೇ ನಡೆಯುತ್ತದೆ. ಸೊಸೆ, ಮಗಳು, ಏಜೆನ್ಸಿಯಿಂದ ಬಂದ ಹುಡುಗಿ. ಆಸ್ಪತ್ರೆಯಿಂದ ಬೇಗ ಮನೆಗೆ ಕಳಿಸಿದರೆ ಆಸ್ಪತ್ರೆಯ ಕಾರ್ಬನ್ ಕಾಗದದ ಮೇಲೆ ಇಳಿಯುತ್ತದೆ. ಆದರೆ ಡೈಪರ್, ಗ್ಲೌಸ್, ಡ್ರೆಸ್ಸಿಂಗ್, ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರದ ಕರೆಂಟ್ ಮನೆಗೆ ಬಂದು ಕೂರುತ್ತವೆ. ಆಸ್ಪತ್ರೆಯಲ್ಲಿ ಬಾರ್‌ಕೋಡ್ ಹಚ್ಚಿ ಸಾಗಿಸುವ ಅದೇ ಡ್ರೆಸ್ಸಿಂಗ್, ಮನೆಯಲ್ಲಾದರೆ ಪೇಪರಿನಲ್ಲಿ ಸುತ್ತಿ ಕೆಂಪು ಬಕೆಟ್ಟಿಗೆ ಹೋಗುತ್ತದೆ. ಬೆಳಿಗ್ಗೆ ಪೌರಕಾರ್ಮಿಕರ ಕೈ ಸೇರುತ್ತದೆ. ಅಮ್ಮ ಮನೆಗೆ ಬಂದ ಮೇಲಿನ ಒಂದೂವರೆ ತಿಂಗಳು ನಮ್ಮ ಕೆಂಪು ಬಕೆಟ್ ಯಾವತ್ತೂ ಖಾಲಿ ಇರಲಿಲ್ಲ. ಆ ತೂಕ ಯಾವ ಆಸ್ಪತ್ರೆಯ ವರದಿಯಲ್ಲೂ ಇಲ್ಲ. ಮನೆಯ ಆರೈಕೆಯನ್ನು ಅಳೆಯದೆ ಆಸ್ಪತ್ರೆಯನ್ನಷ್ಟೇ ಅಳೆದರೆ ಹೊಗೆ ಕಮ್ಮಿಯಾಗುವುದಿಲ್ಲ, ವಿಳಾಸ ಬದಲಾಯಿಸುತ್ತದೆ ಅಷ್ಟೇ.

ಸಂಶೋಧನೆಗೂ ಅದರದ್ದೇ ಹೊಗೆ ಇದೆ. ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡಬಹುದೇ ಅಂತ ನೋಡಿದ ಕ್ರಾಶ್ ಎಂಬ ದೊಡ್ಡ ಪ್ರಯೋಗದ ಒಂದು ವರ್ಷದ ಲೆಕ್ಕ ತೆಗೆದಾಗ 126 ಟನ್ ಕಾರ್ಬನ್ ಬಂತು. ಕಚೇರಿಯ ಕರೆಂಟ್, ಔಷಧಿ ಸಾಗಾಟ, ವಿಮಾನ ಪ್ರಯಾಣ. ಜಾಸ್ತಿ ಅನ್ನಿಸಬಹುದು. ಆದರೆ ಹತ್ತು ಸಾವಿರ ರೋಗಿಗಳ ಆ ಪ್ರಯೋಗ ತೋರಿಸಿಕೊಟ್ಟದ್ದು ಸ್ಟೀರಾಯ್ಡ್‌ನಿಂದ ಸಾವು ಹೆಚ್ಚುತ್ತದೆ ಅಂತ. ದಶಕಗಳಿಂದ ಕೊಡುತ್ತಿದ್ದ ಔಷಧಿ ನಿಂತಿತು. ಬೇಡದ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕಿಂತ ದೊಡ್ಡ ಉಳಿತಾಯ ಯಾವುದಿದೆ? ವ್ಯರ್ಥವಾಗುವುದು ಉತ್ತರ ಸಿಗದಷ್ಟು ಚಿಕ್ಕ ಪ್ರಯೋಗಗಳು, ಬೇರೆಯವರು ಆಗಲೇ ಉತ್ತರ ಕಂಡುಕೊಂಡ ಪ್ರಶ್ನೆಗಳು.

ಬೆಂಗಳೂರಿಗೆ ಈ ಕೆಲಸ ಮಾಡಲು ಏನು ಕೊರತೆ? ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹವಾಮಾನ ಬದಲಾವಣೆಗೆಂದೇ ದಿವೇಚಾ ಕೇಂದ್ರವಿದೆ. ನಗರದ ಹವಾಮಾನ ಯೋಜನೆ 2023ರ ನವೆಂಬರಿನಲ್ಲೇ ಬಂದಿದೆ, 2050ಕ್ಕೆ ನಿವ್ವಳ ಸೊನ್ನೆ ಅನ್ನುವ ಗುರಿಯೊಂದಿಗೆ. ಮೆಡಿಕಲ್ ಕಾಲೇಜುಗಳು, ಪ್ರಬಂಧಕ್ಕೆ ವಿಷಯ ಹುಡುಕುವ ನೂರಾರು ಪಿಜಿ ವಿದ್ಯಾರ್ಥಿಗಳು ಇದ್ದಾರೆ. ಎಂಜಿನಿಯರ್ ಮತ್ತು ಡಾಕ್ಟರ್ ಒಂದೇ ಕೋಣೆಯಲ್ಲಿ ಕೂರುವುದು ಅಪರೂಪ ಅನ್ನುವುದು ಒಂದು ತೊಡಕು. ಇನ್ನೊಂದು, ಟೆಂಡರ್. ಸರ್ಕಾರಿ ಖರೀದಿಯಲ್ಲಿ ಗೆಲ್ಲುವುದು ಅತಿ ಕಮ್ಮಿ ಬೆಲೆ. ನೂರು ಸಲ ಒಗೆದು ಬಳಸಬಹುದಾದ ಗೌನ್ ಮೊದಲ ದಿನದ ಬೆಲೆಯಲ್ಲಿ ಬಿಸಾಡುವ ಗೌನಿಗೆ ಸೋಲುತ್ತದೆ. ಒಂದು ಬಳಕೆಗೆ ಎಷ್ಟು ಬಿತ್ತು ಅಂತ ಕೇಳುವ ಕಾಲಂ ಟೆಂಡರಿನಲ್ಲಿ ಬರಬೇಕಾದರೆ, ಆ ಸಂಖ್ಯೆಯನ್ನು ಇಲ್ಲಿಯ ಆಸ್ಪತ್ರೆಯಲ್ಲಿ, ಇಲ್ಲಿಯ ಕರೆಂಟಿನಲ್ಲಿ, ಇಲ್ಲಿಯ ಸೋಂಕಿನ ದಾಖಲೆಯ ಜೊತೆ ಯಾರಾದರೂ ತೆಗೆದುಕೊಡಬೇಕು.

ಅರವಿಂದದಲ್ಲಿ ತೀಲ್ ಅವರ ತಂಡ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಕಸ ತೂಗುವುದು. ನಮ್ಮಲ್ಲಿ ಆ ಕೆಲಸ ಆಗಲೇ ನಡೆಯುತ್ತಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಪ್ರತಿ ಆಸ್ಪತ್ರೆಯೂ ಹಳದಿ, ಕೆಂಪು, ಬಿಳಿ, ನೀಲಿ ಅಂತ ಬಣ್ಣವಾರು ಕಸದ ತೂಕ ಬರೆದಿಡಬೇಕು, ಚೀಲಕ್ಕೆ ಬಾರ್‌ಕೋಡ್ ಹಚ್ಚಬೇಕು, ಪ್ರತಿ ವರ್ಷ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಕೊಡಬೇಕು. ತಕ್ಕಡಿ ಇದೆ, ರಿಜಿಸ್ಟರ್ ಇದೆ, ಹಳೆಯ ವರ್ಷಗಳ ಅಂಕಿಗಳೂ ಇವೆ. ಅದೇ ಆಸ್ಪತ್ರೆಯ ಓಟಿಯಲ್ಲಿ ಇನ್ನೊಂದು ರಿಜಿಸ್ಟರ್ ಇದೆ, ಆ ತಿಂಗಳು ಎಷ್ಟು ಆಪರೇಷನ್ ಆಯಿತು ಅಂತ. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಬೇಕು ಅಷ್ಟೇ.